ಊರಿನ ಅಂಗಳ, ಬೆಂಗಳೂರಿನ ಫೋನು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಅಪ್ಪನಿಗೆ ನಿದ್ದೆ ಇಲ್ಲ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿರುತ್ತದೆ. ರಾತ್ರಿ ನಾಯಿ ಬೊಗಳಿದರೆ ಸಾಕು, ಟಾರ್ಚ್ ಹಿಡಿದು ಹೊರಗೆ ಬರುತ್ತಾರೆ. ನಾನಿರುವುದು ಬೆಂಗಳೂರಿನಲ್ಲಿ. ಅಂಗಳಕ್ಕೊಂದು ಕ್ಯಾಮೆರಾ ಹಾಕಿದರೆ ಇಲ್ಲಿಂದಲೇ ನೋಡಿಕೊಳ್ಳಬಹುದಲ್ವಾ ಅನ್ನಿಸಿತು. ಊರಿಗೆ ಕೇಬಲ್ ಇಂಟರ್ನೆಟ್ ಬಂದಿಲ್ಲ. ಸಿಮ್ ಹಾಕುವ 4ಜಿ ರೂಟರ್ ತಂದೆ.

ಮನೆಯೊಳಗೆ ಚಿತ್ರ ಚೆನ್ನಾಗಿ ಬಂತು. ಅಮ್ಮ ಕೂಡ ನೋಡಿ ಖುಷಿಪಟ್ಟರು. ರಾತ್ರಿ ಬಸ್ಸಿಗೆ ಹೊರಟು, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಫೋನ್ ತೆಗೆದರೆ ಅಂಗಳವೇ ಇಲ್ಲ. ಮನೆಯ ವೈಫೈ ದಾಟಿದ ಕೂಡಲೇ ಕ್ಯಾಮೆರಾ ಮಾಯ.

ನಾನು ಮಾಡಿದ್ದು ಹಳೆಯ ಕ್ರಮ. ರೂಟರ್‌ನಲ್ಲಿ ಕ್ಯಾಮೆರಾಗೆ ಒಂದು ಪೋರ್ಟ್, ಅಂದರೆ ಒಳಬರುವ ಬಾಗಿಲು, ತೆರೆದಿಡುವುದು, ಹೊರಗಿನಿಂದ ಮನೆಯ ಇಂಟರ್ನೆಟ್ ವಿಳಾಸಕ್ಕೆ ಹೋಗಿ ನೋಡುವುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ವಿಳಾಸ ಆಗಾಗ ಬದಲಾಗುತ್ತದೆ ಎಂದು, ಒಂದೇ ಹೆಸರು ಹೇಳಿದರೆ ಹೊಸ ವಿಳಾಸ ಹುಡುಕಿಕೊಡುವ ಡಿಡಿಎನ್‌ಎಸ್ ಕೂಡ ಹಾಕಿದೆ. ಎರಡು ಭಾನುವಾರ ಊರಿಗೆ ಹೋಗಿ ಬಂದೆ. ಯಾವುದೂ ಕೆಲಸ ಮಾಡಲಿಲ್ಲ. ಕ್ಯಾಮೆರಾ ಸರಿ ಇತ್ತು, ರೂಟರ್ ಸರಿ ಇತ್ತು. ಸಮಸ್ಯೆ ಸಿಮ್ ಕೊಡುವ ವಿಳಾಸದಲ್ಲಿತ್ತು.

ಇಂಟರ್ನೆಟ್‌ನ ಹಳೆಯ ಪದ್ಧತಿಯ ವಿಳಾಸಗಳು, ಅಂದರೆ ಐಪಿ ಎಂಬ ಸಂಖ್ಯೆಗಳು, ಒಟ್ಟು ಸುಮಾರು 430 ಕೋಟಿ. ಜಗತ್ತಿಗೆ ಹಂಚುವ ಮುಖ್ಯ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಬಹಳಷ್ಟು ಗ್ರಾಹಕರನ್ನು ಕೂರಿಸುತ್ತವೆ. ಈ ಏರ್ಪಾಟಿಗೆ ಸಿಜಿನ್ಯಾಟ್ ಎಂದು ಹೆಸರು.

ಎಸ್‌ಟಿಡಿ ಬೂತ್ ನೆನಪಿದೆಯಾ? ಅಲ್ಲಿಂದ ನಾವು ಮನೆಗೆ ಫೋನ್ ಮಾಡಿದರೆ ಎರಡೂ ಕಡೆಯವರು ಆರಾಮಾಗಿ ಮಾತಾಡಬಹುದಿತ್ತು. ಆಮೇಲೆ ಮನೆಯವರು ಅದೇ ಬೂತಿನ ನಂಬರಿಗೆ ಫೋನ್ ಮಾಡಿದರೆ? ಎತ್ತುವವರು ಬೇರೆ ಯಾರೋ. ನಮ್ಮ ಕ್ಯಾಮೆರಾ ನಿಂತಿರುವುದು ಅಂಥ ಬೂತಿನಲ್ಲಿ. ಅದು ಹೊರಗೆ ಫೋನ್ ಮಾಡಬಹುದು. ಹೊರಗಿನವರು ಅದಕ್ಕೆ ಮಾಡಲಾಗದು. ಡಿಡಿಎನ್‌ಎಸ್ ಕೊಟ್ಟದ್ದೂ ಆ ಬೂತಿನ ನಂಬರನ್ನೇ.

ನಿಮ್ಮ ಸಿಮ್‌ನದೂ ಇದೇ ಕತೆಯಾ ಎಂದು ನೋಡುವುದು ಸುಲಭ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ಸಂಖ್ಯೆ ಇರುತ್ತದೆ, ಅದು ಸಿಮ್‌ನಿಂದ ರೂಟರ್‌ಗೆ ಸಿಕ್ಕ ವಿಳಾಸ. ಅದು 10ರಿಂದ ಶುರುವಾದರೆ, ಅಥವಾ 100.64ರಿಂದ 100.127ರ ಒಳಗಿದ್ದರೆ, ಪೋರ್ಟ್ ತೆರೆಯುವ ಗೋಜಿಗೇ ಹೋಗಬೇಡಿ. ಈ ಎರಡನೆಯ ಸಾಲನ್ನು 2012ರಲ್ಲಿ ಇಂಥ ಹಂಚಿಕೆಗೆಂದೇ ಎತ್ತಿಟ್ಟಿದ್ದಾರೆ.

ದಾರಿ ಏನು? ಕ್ಯಾಮೆರಾ ತಾನೇ ಹೊರಗೆ ಫೋನ್ ಮಾಡಬೇಕು. ಈಗಿನ ಬಹಳಷ್ಟು ಕ್ಯಾಮೆರಾಗಳಲ್ಲಿ ಪಿಟುಪಿ ಎಂಬ ಸೌಲಭ್ಯ ಇದೆ. ಅದನ್ನು ಆನ್ ಮಾಡಿ, ಕ್ಯಾಮೆರಾದ ಮೇಲಿನ ಕ್ಯೂಆರ್ ಕೋಡನ್ನು ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಯಿತು. ಕ್ಯಾಮೆರಾ ತನ್ನ ಕಂಪನಿಯ ಸರ್ವರ್‌ಗೆ ಫೋನ್ ಮಾಡಿ ಲೈನ್ ಹಿಡಿದುಕೊಂಡಿರುತ್ತದೆ. ನಮ್ಮ ಆಪ್ ಕೂಡ ಅಲ್ಲಿಗೇ ಹೋಗುತ್ತದೆ. ಇಬ್ಬರನ್ನೂ ಅದು ಸೇರಿಸುತ್ತದೆ. ಪಿಟುಪಿ ಇಲ್ಲದ ಹಳೆಯ ಡಿವಿಆರ್, ಅಂದರೆ ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ, ಇದ್ದರೆ, ಫೋನನ್ನೂ ಮನೆಯನ್ನೂ ಖಾಸಗಿ ದಾರಿಯಲ್ಲಿ ಜೋಡಿಸುವ ಟೈಲ್‌ಸ್ಕೇಲ್‌ನಂಥ ವಿಪಿಎನ್ ಅನ್ನು ಮನೆಯಲ್ಲೊಂದು ಚಿಕ್ಕ ಕಂಪ್ಯೂಟರಿಗೆ ಹಾಕಿಡಬಹುದು. ಕೆಲಸ ಜಾಸ್ತಿ, ಆದರೆ ಆಗುತ್ತದೆ.

ಇನ್ನು ಡೇಟಾ. ಸೆಕೆಂಡಿಗೆ ಒಂದು ಮೆಗಾಬಿಟ್‌ನ ಚಿತ್ರ ದಿನವಿಡೀ ಹರಿದರೆ 10 ಜಿಬಿಗೂ ಜಾಸ್ತಿ ಖರ್ಚು. ದಿನಕ್ಕೆ 2 ಜಿಬಿಯ ಪ್ಲಾನು ಬೆಳಗಿನ ಕಾಫಿ ಹೊತ್ತಿಗೇ ಮುಗಿದಿರುತ್ತದೆ. ಹಾಗಾಗಿ ರೆಕಾರ್ಡಿಂಗ್ ಎಲ್ಲ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿಗೇ ಹೋಗಲಿ. ನೋಡಬೇಕೆನಿಸಿದಾಗ ಮಾತ್ರ ಆಪ್ ತೆರೆಯಿರಿ, ಅದೂ ಸಬ್ ಸ್ಟ್ರೀಮ್‌ನಲ್ಲಿ, ಅಂದರೆ ಕಡಿಮೆ ಸ್ಪಷ್ಟತೆಯ ಚಿತ್ರದಲ್ಲಿ. ಹತ್ತು ನಿಮಿಷ ನೋಡಿದರೂ 40 ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ಪೀಡ್ ಪರೀಕ್ಷೆ ಮಾಡುವಾಗ ಡೌನ್‌ಲೋಡ್ ನೋಡಿ ಸಮಾಧಾನಪಡಬೇಡಿ. ಚಿತ್ರ ಹೊರಗೆ ಹೋಗುವುದು ಅಪ್‌ಲೋಡ್‌ನಲ್ಲಿ. ನಮ್ಮ ರೂಟರ್ ದೇವರ ಕೋಣೆ ಪಕ್ಕದಲ್ಲಿತ್ತು. ಅಟ್ಟದ ಕಿಟಕಿಗೆ ಹೋದ ಮೇಲೆ ಚಿತ್ರ ನಿಲ್ಲುವುದು ತಪ್ಪಿತು.

ನನಗೆ ಹೊಳೆಯದೇ ಹೋದ ಒಂದು ವಿಷಯ ಇದೆ. ರೀಚಾರ್ಜ್ ಮುಗಿಯುತ್ತಿದೆ ಎಂಬ ಮೆಸೇಜು ರೂಟರ್ ಒಳಗಿನ ಸಿಮ್‌ಗೆ ಬರುತ್ತದೆ. ಅದನ್ನು ಓದುವವರು ಯಾರು? ಕೊಯ್ಲಿನ ನಡುವೆ ಮೂರು ದಿನ ಕ್ಯಾಮೆರಾ ಸುಮ್ನೆ ನಿಂತಿತ್ತು. ಈಗ ಆ ತಾರೀಖನ್ನು ನನ್ನ ಫೋನಿನಲ್ಲಿ ಅಲಾರಂ ಮಾಡಿಟ್ಟಿದ್ದೇನೆ. ಕರೆಂಟಿಗೆ ರೂಟರ್‌ನ ಚಿಕ್ಕ ಯುಪಿಎಸ್ ಇಟ್ಟೆವು. ಗುಡುಗು ಶುರುವಾದರೆ ಮಾತ್ರ ಅಪ್ಪ ಎಲ್ಲ ಪ್ಲಗ್ ಕಿತ್ತುಬಿಡುತ್ತಾರೆ. ಮಲೆನಾಡಿನ ಸಿಡಿಲು ಕಂಡವರು ಹಾಗೆ ಮಾಡಲೇಬೇಕು.

ಪಾಸ್‌ವರ್ಡ್ ವಿಷಯವನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಹಿಡಿಯಿತು. ಅದರ ಹತ್ತಿರ ಇದ್ದದ್ದು ಕಾರ್ಖಾನೆಯಲ್ಲೇ ಇಟ್ಟು ಕಳಿಸುವ ಅರವತ್ತು ಚಿಲ್ಲರೆ ಹೆಸರು, ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಅದೇ ವರ್ಷದ ಅಕ್ಟೋಬರ್ 21ರಂದು ಆ ಯಂತ್ರಗಳನ್ನೇ ಬಳಸಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿದರು. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ. ಮನೆಯಲ್ಲಿರುವ ಹಳೆಯ ಕ್ಯಾಮೆರಾ ಆ ಪರೀಕ್ಷೆ ಕಂಡಿರಲಿಕ್ಕಿಲ್ಲ. ಅದರ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿ.

ಕ್ಯಾಮೆರಾ ಕೂರಿಸುವ ದಿನ ಅಪ್ಪ ಎರಡು ಮಾತು ಹೇಳಿದ್ದರು. ಅಡಿಕೆ ಸುಲಿಯಲು ಬರುವವರಿಗೆ ಕ್ಯಾಮೆರಾ ಇದೆ ಎಂದು ಮೊದಲೇ ಹೇಳಬೇಕು. ಅವರು ಕೂತು ಊಟ ಮಾಡುವ ಜಗಲಿ ಅದರಲ್ಲಿ ಕಾಣಬಾರದು. ಆಗ ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆವು. ಈಗ ಅದರಲ್ಲಿ ಕಾಣುವುದು ಅಂಗಳ, ಅದರಾಚೆ ದಣಪೆ, ಅಷ್ಟೇ.

ನಮಸ್ಕಾರ.