ಸಿಟ್ಟಿಗೆ ಹತ್ತು ಹೆಜ್ಜೆ

ಕೇಳುಗರಿಗೆ ನಮಸ್ಕಾರ.

ಗಾಲ್ಫ್ ಆಡುವಾಗ ಬರುವ ಸಿಟ್ಟಿನ ಬಗೆಯೇ ಬೇರೆ. ಕ್ರಿಕೆಟ್‌ನಲ್ಲಿ ಚೆಂಡು ಎದುರಿನಿಂದ ನುಗ್ಗಿ ಬರುತ್ತದೆ, ಟೆನಿಸ್‌ನಲ್ಲಿ ಎದುರಾಳಿ ಓಡಾಡಿಸುತ್ತಾನೆ. ಇಲ್ಲಿ ಚೆಂಡು ಅಲುಗಾಡದೆ ಕಾಲ ಬಳಿ ಬಿದ್ದಿರುತ್ತದೆ. ಹೊಡೆತ ತಪ್ಪಿದರೆ ದೂರಲು ಯಾರೂ ಸಿಗುವುದಿಲ್ಲ. ಸಾಲದ್ದಕ್ಕೆ, ಒಂದು ಸ್ವಿಂಗ್, ಅಂದರೆ ಕೋಲಿನ ಒಂದು ಬೀಸು, ಎರಡು ಸೆಕೆಂಡಿನೊಳಗೆ ಮುಗಿದರೆ, 18 ಕುಳಿಗಳ ಆಟಕ್ಕೆ ಸುಮಾರು ನಾಲ್ಕು ಗಂಟೆ ಬೇಕು. ಉಳಿದ ಹೊತ್ತೆಲ್ಲ ನಡಿಗೆ, ಕಾಯುವಿಕೆ. ಕೆಟ್ಟ ಹೊಡೆತವನ್ನು ಮನಸ್ಸಿನಲ್ಲಿ ಮೆಲುಕು ಹಾಕಲು ಇಷ್ಟು ಬಿಡುವು ಕೊಡುವ ಆಟ ಇನ್ನೊಂದಿಲ್ಲ.

ಈ ಮೆಲುಕೇ ಮುಂದಿನ ಹೊಡೆತವನ್ನು ಕೆಡಿಸುತ್ತದೆ. ಸಿಟ್ಟು ಬಂದಾಗ ಹಿಡಿತ ಬಿಗಿಯಾಗುತ್ತದೆ, ಹೆಗಲು ಸೆಟೆಯುತ್ತದೆ. ಕ್ಲಬ್, ಅಂದರೆ ಹೊಡೆಯುವ ಕೋಲು, ಪೂರ್ತಿ ಮೇಲೇರುವ ಮೊದಲೇ ಕೆಳಕ್ಕೆ ಧಾವಿಸುತ್ತದೆ. ಚೆಂಡು ಮತ್ತೆ ಪೊದೆಗೆ.

ಬಾಬಿ ಜೋನ್ಸ್ ಅವರಂಥ ಮಹಾನ್ ಆಟಗಾರನನ್ನೂ ಇದು ಬಿಟ್ಟಿಲ್ಲ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಎಂಬ ಬ್ರಿಟನ್ನಿನ ಹೆಸರಾಂತ ಗಾಲ್ಫ್ ಪಂದ್ಯಾವಳಿ. ಮೂರನೆಯ ಸುತ್ತಿನ 11ನೆಯ ಕುಳಿಯಲ್ಲಿ ಮರಳಿನ ಬಂಕರ್‌ನಿಂದ ಚೆಂಡು ಹೊರಬರಲಿಲ್ಲ. 19 ವರ್ಷದ ಆ ಹುಡುಗ ರೋಸಿಹೋಗಿ ಸ್ಪರ್ಧೆಯನ್ನೇ ಕೈಬಿಟ್ಟ. ಕೋಪವನ್ನು ಪಳಗಿಸಿಕೊಂಡ ಮೇಲೆ, 1927ರಲ್ಲಿ, ಅದೇ ಅಂಗಳದಲ್ಲಿ ಓಪನ್ ಗೆದ್ದ. ಅಮೆರಿಕದ ಆಟಗಾರ ಬೆನ್ ಕ್ರೆನ್ಷಾ ಅವರ ಕಥೆಯಂತೂ ಇನ್ನೂ ನೇರ. 1987ರಲ್ಲಿ ಅಮೆರಿಕ ಮತ್ತು ಯೂರೋಪ್ ತಂಡಗಳ ನಡುವೆ ನಡೆದ ರೈಡರ್ ಕಪ್‌ನಲ್ಲಿ ಸಿಟ್ಟಿಗೆ ಅವರ ಪಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್, ಮುರಿದುಹೋಯಿತು. ಉಳಿದ ಆಟದಲ್ಲಿ ಬೇರೆ ಕ್ಲಬ್‌ಗಳಿಂದಲೇ ಚೆಂಡನ್ನು ಕುಳಿಗೆ ಉರುಳಿಸಬೇಕಾಯಿತು, ಪಂದ್ಯವೂ ಸೋತುಹೋಯಿತು.

ಹಾಗೆಂದು ಸಿಟ್ಟೇ ಮಾಡಬೇಡಿ ಎನ್ನುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಅದುಮಿಟ್ಟ ಸಿಟ್ಟು ಮೂರು ಕುಳಿಗಳ ಆಚೆ ಸಿಡಿಯುತ್ತದೆ. ಅದಕ್ಕೊಂದು ಗಡಿ ಹಾಕಿ. ಹೊಡೆತ ತಪ್ಪಿದ ಜಾಗದಿಂದ ಹತ್ತು ಹೆಜ್ಜೆ ನಡೆಯುವವರೆಗೆ ಮನಸ್ಸಿನಲ್ಲಿ ಎಷ್ಟು ಬೇಕಾದರೂ ಕುದಿಯಿರಿ. ಹತ್ತನೆಯ ಹೆಜ್ಜೆಗೆ ಉಸಿರನ್ನು ನಿಧಾನವಾಗಿ ಹೊರಬಿಟ್ಟು ತಲೆಯೆತ್ತಿ ನೋಡಿ. ಗಾಳಿ ಯಾವ ಕಡೆಗಿದೆ, ಚೆಂಡು ಎಂಥ ಹುಲ್ಲಿನಲ್ಲಿದೆ ಎಂದು ಕೇಳಿಕೊಳ್ಳಿ. ಚೆಂಡಿನ ಮುಂದೆ ನಿಂತಾಗಲೂ ಬೆರಳುಗಳು ಕ್ಲಬ್ಬನ್ನು ಹಿಸುಕುತ್ತಿದ್ದರೆ ಹಿಂದೆ ಸರಿದು, ಮತ್ತೊಮ್ಮೆ ಹೊಸದಾಗಿ ನಿಲ್ಲಿ.

ಜೊತೆಗೆ ಆಡುವವರಿಗೂ ಒಂದು ಕೋರಿಕೆ. ಗೆಳೆಯ ಕುದಿಯುತ್ತಿರುವಾಗ ಅವನ ಮೊಣಕೈ ಎಲ್ಲಿ ಬಾಗಿತೆಂದು ತಿದ್ದಲು ಹೋಗಬೇಡಿ. ಅವನ ಚೆಂಡನ್ನು ಹುಡುಕಲು ನೆರವಾಗಿ. ನಿಯಮದ ಪ್ರಕಾರ ಅದಕ್ಕಿರುವುದು ಮೂರೇ ನಿಮಿಷ.