ದಂಡ ಗಿರಾಕಿಗೆ, ಭಯ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಮೈ ಮಾರಿ ಬದುಕುವವಳನ್ನು ಹಿಡಿದು ದಂಡಿಸುವುದು ಹಳೆಯ ಪದ್ಧತಿ. ಅವಳನ್ನು ಬಿಡಿ, ದುಡ್ಡು ಕೊಟ್ಟು ಬರುವ ಗಿರಾಕಿಯನ್ನು ಹಿಡಿಯಿರಿ ಎಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್. ಅದು 1999ರ ಜನವರಿಯಲ್ಲಿ ಜಾರಿಗೆ ಬಂತು. ಮಾರುವವಳ ಹಿಂದೆ ಬಡತನವೋ ಬಲವಂತವೋ ಇರಬಹುದು, ಕೊಳ್ಳುವವನಿಗೆ ಅಂಥ ಇಕ್ಕಟ್ಟೇನೂ ಇಲ್ಲವಲ್ಲ ಎಂಬುದು ಅವರ ವಾದ. ಗಿರಾಕಿಯೇ ಇಲ್ಲದಿದ್ದರೆ ಹೆಣ್ಣುಮಕ್ಕಳನ್ನು ಸಾಗಿಸುವ ದಲ್ಲಾಳಿಗೂ ಕಸುಬಿಲ್ಲ. ನಾರ್ವೆ, ಐಸ್‌ಲೆಂಡ್, ಕೆನಡಾ ಇದೇ ದಾರಿ ಹಿಡಿದವು. 2016ರಲ್ಲಿ ಫ್ರಾನ್ಸ್, ಮೊದಲ ಸಲ ಸಿಕ್ಕಿಬಿದ್ದವನಿಗೆ 1,500 ಯೂರೋವರೆಗೆ ದಂಡ ಇಟ್ಟಿತು.

ಒಂದು ಕಾಲಕ್ಕೆ ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗಿತ್ತು. ಈಗ ಅರ್ಧ. ಗಂಡಸರ ಮೇಲಿನ ಕನಿಕರದಿಂದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ರಾತ್ರಿ ರಸ್ತೆಬದಿಯಲ್ಲಿ ಕಾರೊಂದು ನಿಂತು ಕಿಟಕಿ ಇಳಿಯುತ್ತದೆ ಎಂದುಕೊಳ್ಳಿ. ಒಳಗಿರುವವನು ಕುಡಿದಿದ್ದಾನೆಯೇ? ಹಿಂದಿನ ಸೀಟಿನಲ್ಲಿ ಇನ್ನೊಬ್ಬನಿದ್ದಾನೆಯೇ? ಕಾಂಡೋಮ್‌ಗೆ ಒಪ್ಪುತ್ತಾನೆಯೇ, ಎಲ್ಲಿಗೆ ಕರೆದೊಯ್ಯುತ್ತಾನೆ? ಅವಳು ಇದನ್ನೆಲ್ಲ ಅಳೆದು ನೋಡುವುದು ಆ ಒಂದೆರಡು ನಿಮಿಷದಲ್ಲಿ. ಪೊಲೀಸರ ಭಯವಿರುವ ಗಿರಾಕಿ ಅಷ್ಟು ಹೊತ್ತು ನಿಲ್ಲುವುದಿಲ್ಲ. "ಬೇಗ ಹತ್ತು" ಎನ್ನುತ್ತಾನೆ. ಹೆಸರು, ಫೋನ್ ನಂಬರ್ ಅಂತೂ ಕೊಡಲಾರ. ಸಂಪಾದನೆ ಬೇಕಿರುವವಳು ಹತ್ತುತ್ತಾಳೆ.

ಸರಿ, ಒಂಟಿಯಾಗಿರುವುದು ಬೇಡ, ಇಬ್ಬರು ಜೊತೆಯಾಗಿ ಒಂದು ಮನೆ ಮಾಡೋಣ ಎಂದರೆ ಐರ್ಲೆಂಡಿನ ಕಾನೂನಿಗೆ ಅದು ವೇಶ್ಯಾಗೃಹ. 2017ರಲ್ಲಿ ಗಿರಾಕಿಗೆ ದಂಡ ತಂದ ಕಾಯಿದೆಯೇ ವೇಶ್ಯಾಗೃಹ ನಡೆಸುವುದರ ಶಿಕ್ಷೆಯನ್ನೂ ಹೆಚ್ಚಿಸಿತು. ನಾರ್ವೆಯಲ್ಲಿ ಪೊಲೀಸರು ಮಾಲೀಕರಿಗೆ ಕೇಸಿನ ಬೆದರಿಕೆ ಹಾಕಿ, ಇಂಥ ಬಾಡಿಗೆದಾರರನ್ನು ಮನೆ ಬಿಡಿಸಿದ್ದೂ ಉಂಟು. ಅವಳು ಅಪರಾಧಿಯಲ್ಲ ಎಂದು ಪುಸ್ತಕದಲ್ಲಿ ಬರೆದು, ಅವಳ ಮನೆಗೇ ಬೀಗ ಹಾಕಿಸಿದ ಹಾಗಾಯಿತು.

ಸ್ವೀಡನ್ನಿನ ಬೀದಿಗಳಲ್ಲಿ ಈ ದಂಧೆ ಅರ್ಧಕ್ಕಿಳಿದಿದೆ ಎಂದು ಅಲ್ಲಿನ ಸರಕಾರದ 2010ರ ವರದಿ ಹೇಳಿತು. ಬೀದಿಯಿಂದ ಫೋನಿಗೆ ಹೋದದ್ದನ್ನು ಎಣಿಸುವುದು ಕಷ್ಟ.

ನ್ಯೂಜಿಲೆಂಡ್ 2003ರಲ್ಲಿ ಮಾರುವವಳು, ಕೊಳ್ಳುವವನು ಇಬ್ಬರನ್ನೂ ಅಪರಾಧದ ಪಟ್ಟಿಯಿಂದ ತೆಗೆಯಿತು. ಅಲ್ಲಿ 2014ರಲ್ಲಿ ಒಬ್ಬಾಕೆ, ಲೈಂಗಿಕ ಕಿರುಕುಳ ಕೊಟ್ಟ ವೇಶ್ಯಾಗೃಹದ ವ್ಯವಸ್ಥಾಪಕನ ಮೇಲೆ ದೂರು ಕೊಟ್ಟು ಗೆದ್ದು 25,000 ಡಾಲರ್ ಪರಿಹಾರ ಪಡೆದಳು. ದೂರು ಕೊಡಲು ಅವಳಿಗೆ ಅಂಜಿಕೆ ಇರಲಿಲ್ಲ ಎಂದಲ್ಲ, ದಾರಿಯಾದರೂ ಇತ್ತು. ಹಾಗೆಂದು ಆ ಕಾನೂನೂ ಎಲ್ಲರದಲ್ಲ: ತಾತ್ಕಾಲಿಕ ವೀಸಾದಲ್ಲಿ ಬಂದವರು ಅಲ್ಲಿ ಈ ಕೆಲಸ ಮಾಡುವಂತಿಲ್ಲ.

ಫ್ರಾನ್ಸಿನ ಕಾನೂನಿನ ವಿರುದ್ಧ ಇದೇ ವೃತ್ತಿಯ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಜುಲೈಯಲ್ಲಿ ಸೋತರು. ಆದರೆ ಕಾನೂನಿನ ಪರಿಣಾಮವನ್ನು ಆಗಾಗ ಪರಿಶೀಲಿಸುತ್ತಿರಿ ಎಂದೂ ನ್ಯಾಯಾಲಯ ಹೇಳಿತು. ಆ ಪರಿಶೀಲನೆಯ ಮೇಜಿನ ಸುತ್ತ ಅರ್ಜಿ ಹಾಕಿದವರಲ್ಲಿ ಒಬ್ಬರಿಗಾದರೂ ಕುರ್ಚಿ ಹಾಕುತ್ತಾರೋ ಇಲ್ಲವೋ, ನಾನಂತೂ ಕಾಯುತ್ತಿದ್ದೇನೆ. ನಮಸ್ಕಾರ.