ಅಣ್ಣನ ವಯಸ್ಸಿನಲ್ಲಿ ಹತ್ತು ಕಳೆಯಿರಿ

ಕೇಳುಗರಿಗೆ ನಮಸ್ಕಾರ. ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಮಾತಾಡಲು ಕರೆದಿದ್ದಾರೆ. ಸಮಯ ಕಡಿಮೆ, ಅದಕ್ಕೇ ಒಂದೇ ಲೆಕ್ಕ ಹೇಳಿಕೊಡುತ್ತೇನೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದೆಯಾ? ಗೊತ್ತಾದಾಗ ಅವರ ವಯಸ್ಸೆಷ್ಟು? ಅದರಲ್ಲಿ 10 ಕಳೆಯಿರಿ. ಆ ವಯಸ್ಸು ಅಥವಾ 40, ಯಾವುದು ಮೊದಲು ಬರುತ್ತದೋ ಆಗ ನೀವು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸಣ್ಣ ನಳಿಕೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಬೇಕು.

ಒಮ್ಮೆ ಆಪರೇಷನ್ ಆದ ಒಬ್ಬರು ಚೆಕಪ್‌ಗೆ ಬಂದಿದ್ದರು. ಕಾಯಿಲೆ ಗೊತ್ತಾದಾಗ ಅವರಿಗೆ 46. ಜೊತೆಗೆ ಬಂದಿದ್ದ ತಮ್ಮ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರವೇ ನಿಂತಿದ್ದ. "ನಿಮಗೆಷ್ಟಪ್ಪಾ ವಯಸ್ಸು?" ಅಂದೆ. "38. ನನಗೇನೂ ಇಲ್ಲ ಡಾಕ್ಟ್ರೇ, ಅಣ್ಣನ್ನ ನೋಡಿ." ಆ ಫೈಲಿನ ಮೇಲೇ ಬರೆದು ತೋರಿಸಿದೆ: 46ರಲ್ಲಿ 10 ಹೋದರೆ 36. ಆಗಲೇ ಎರಡು ವರ್ಷ ತಡ!

ಒಲ್ಲದ ಮನಸ್ಸಿನಿಂದಲೇ ಮಾಡಿಸಿಕೊಂಡ. ಒಳಗೆ ಒಂದು ಪಾಲಿಪ್ ಇತ್ತು. ಪುಟ್ಟ ಅಣಬೆ ಥರ, ತೊಟ್ಟಿನ ಮೇಲೆ ನಿಂತ ಗಂಟು. ಅದರ ಕೊರಳಿಗೆ ತಂತಿಯ ಕುಣಿಕೆ ಹಾಕಿ ಬಿಗಿದು ತೆಗೆದುಬಿಟ್ಟೆವು. ಹೊಟ್ಟೆ ಕೊಯ್ಯಲಿಲ್ಲ. ಆಮೇಲೆ ಫೋಟೊ ತೋರಿಸಿದರೆ, "ಇಷ್ಟೇನಾ?" ಅಂದ. ಇಷ್ಟೇ ಇರುವಾಗ ಹಿಡಿಯಬೇಕು! ಇಂಥ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಬೇಕು. ಅಷ್ಟು ಕಾಲ ನೋವಿಲ್ಲ, ಸುಳಿವಿಲ್ಲ. "ಏನಾದರೂ ಆದರೆ ಬರ್ತೀನಿ" ಅನ್ನುವವರನ್ನು ಕಂಡರೆ ನನಗೆ ತಳಮಳ ಆಗುವುದು ಅದಕ್ಕೇ.

ಅಯ್ಯೋ, ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳುತ್ತೇನೆ. ಮನೆತನದಲ್ಲಿ ಮೂವರಿಗೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ಅದರಲ್ಲೂ ಒಬ್ಬರಿಗೆ 50ರೊಳಗೇ ಬಂದಿದ್ದರೆ, ಲಿಂಚ್ ಸಿಂಡ್ರೋಮ್ ಇರಬಹುದು, ಅಂದರೆ ಇಂಥ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ. ಜೀನ್ ಪರೀಕ್ಷೆಗೆ ಹೋಗಿ. ಅದು ಇದೆ ಅಂತಾದರೆ ಸಾಮಾನ್ಯವಾಗಿ 20-25ರಿಂದಲೇ ಕೊಲೊನೋಸ್ಕೋಪಿ ಶುರು. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ, ಶುರುವಾಗಿ 8 ವರ್ಷ ಆದವರಿಗೂ ತಪಾಸಣೆ ಬೇಕು.

ಕೇಳುತ್ತಿರುವ ಫ್ಯಾಮಿಲಿ ಡಾಕ್ಟರುಗಳೇ, ಮಲದಲ್ಲಿ ರಕ್ತ ಅಂತ ಬಂದವರಿಗೆ ಪೈಲ್ಸ್ ಅಂದುಕೊಂಡು ಸುಮ್ನೆ ಮುಲಾಮು ಬರೆದುಕೊಡಬೇಡಿ. ಮನೆಯಲ್ಲಿ ಯಾರಿಗೆ ಬಂದಿತ್ತು, ಯಾವ ವಯಸ್ಸಿಗೆ ಬಂತು ಅಂತ ಕೇಳಿ. ರಕ್ತ ಕಂಡಿದೆ ಅಂದರೆ 10 ಕಳೆಯುತ್ತಾ ಕೂರಬೇಡಿ, ಈ ವಾರವೇ ಕೊಲೊನೋಸ್ಕೋಪಿಗೆ ಚೀಟಿ ಬರೆದು ಕಳಿಸಿ. ನಮಸ್ಕಾರ.